ಕಿರ್ದಿಯ ಮೊದಲ ಪುಟ

ತಮ್ಮಾ, ಹೋದ ಅಮಾವಾಸ್ಯೆಯ ದಿನ ನೀನು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಕೇಳಿದ ಮಾತಿಗೆ ನಾನು ಉತ್ತರ ಕೊಡಲಿಲ್ಲ. "ಅಜ್ಜಾ, ಮೆಣಸಿನಕಾಯಿ ರೊಕ್ಕ ಬಂದೈತಿ. ಅಪ್ಪ ಒಂದು ಲಕ್ಷ ನನ್ನ ಕೈಯಾಗ ಕೊಡ್ತೀನಿ ಅಂದಾನ. ಬಿಟ್‌ಕಾಯಿನ್‌ಗೆ ಹಾಕಲೇನು, ಬ್ಯಾಡೇನು?" ಅಂದೆ. ನಿನಗೆ ಬೇಕಾಗಿದ್ದದ್ದು ಹೂಂ ಅಥವಾ ಊಹೂಂ. ನಾನು ಚಹಾ ತರಿಸಿ ಮಳೆಯ ಮಾತು ತೆಗೆದೆ. ಮುದುಕ ಜಾರಿಕೊಂಡ ಅಂದುಕೊಂಡು ನೀನು ಬೈಕ್ ಹತ್ತಿ ರಾಣೆಬೆನ್ನೂರಿನ ಕಡೆ ಹೋದೆ.

ಜಾರಿಕೊಂಡಿದ್ದಲ್ಲ. ನೀನು ಕೇಳಿದ ಪ್ರಶ್ನೆ ಅರ್ಧವೇ ಇತ್ತು. ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಕಿರ್ದಿ ಬರೆದವನು ನಾನು. "ಸಾಹುಕಾರ್ರ, ನಾನೂ ಮೆಣಸಿನಕಾಯಿ ವ್ಯಾಪಾರಕ್ಕ ಇಳೀಲೇನ್ರಿ?" ಎಂದು ಕೇಳಿಕೊಂಡು ಬಂದ ಎಷ್ಟೋ ಜನರನ್ನು ನೋಡಿದ್ದೇನೆ. ನಮ್ಮ ಸಾಹುಕಾರರು ಒಮ್ಮೆಯೂ ಇಳಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಕನ್ನಡಕ ತೆಗೆದಿಟ್ಟು ತಿರುಗಿ ಒಂದೇ ಮಾತು ಕೇಳುತ್ತಿದ್ದರು: "ಏನಾಗಿ ಇಳೀತೀಯಪಾ?"

ಆ ಮಾತಿನ ತೂಕ ತಿಳಿಯಬೇಕಾದರೆ ಹಂಗಾಮಿನಲ್ಲಿ ಒಂದು ಸೋಮವಾರವೋ ಗುರುವಾರವೋ ನಮ್ಮ ಎಪಿಎಂಸಿ ಪ್ರಾಂಗಣಕ್ಕೆ ಬಾ. ಗದಗ, ರಾಯಚೂರು, ಬಳ್ಳಾರಿ, ಆಂಧ್ರದ ಕರ್ನೂಲು ಕಡೆಯಿಂದ ಬಂದ ಲಾರಿಗಳು, ಅಂಗಡಿಯ ಮುಂದೆ ಸುರಿದ ಕೆಂಪು ರಾಶಿಗಳು, ಮೂಗಿಗೆ ಟವೆಲ್ ಕಟ್ಟಿಕೊಂಡ ಮಂದಿ. ದೂರದಿಂದ ನೋಡಿದವನಿಗೆ ಎಲ್ಲರೂ ಮೆಣಸಿನಕಾಯಿ ವ್ಯಾಪಾರದವರೇ. ಹತ್ತಿರ ಹೋದರೆ ಒಬ್ಬೊಬ್ಬನದು ಒಂದೊಂದು ದಾರಿ. ರೈತ ಬೆಳೆದದ್ದನ್ನು ಮಾರಲು ಬಂದಿದ್ದಾನೆ. ಆರು ತಿಂಗಳ ಬೆವರು ಅವನ ಬಂಡವಾಳ. ಖರೀದಿದಾರನ ಕಿಸೆಯಲ್ಲಿ ಮಸಾಲೆ ಕಾರಖಾನೆಯ ಆರ್ಡರ್ ಇದೆ. ಇಂತಿಷ್ಟು ಕಡ್ಡಿ ಕಾಯಿ, ಇಂತಿಷ್ಟು ಡಬ್ಬಿ ಕಾಯಿ ಸಿಕ್ಕರೆ ಅವನ ಕೆಲಸ ಮುಗಿಯಿತು. ಸ್ಟಾಕ್ ಮಾಡುವವನು ಕೊಂಡು ಕೋಲ್ಡ್ ಸ್ಟೋರೇಜಿಗೆ ಹಾಕಿ ತೇಜಿಗಾಗಿ ಕಾಯುತ್ತಾನೆ. ಅವನ ಬಂಡವಾಳ ಸ್ವಂತ ರೊಕ್ಕ ಮತ್ತು ತಾಳ್ಮೆ. ದಲಾಲನಿಗೆ ದರ ಏರಿ ತೇಜಿಯಾದರೂ, ಇಳಿದು ಮಂದಿಯಾದರೂ ಕಮಿಷನ್ ತಪ್ಪುವುದಿಲ್ಲ. ಹಮಾಲನಿಗೂ, ಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೂ ಸಂಜೆ ಕೂಲಿ ಎಣಿಸಿದರೆ ಮುಗಿಯಿತು, ದರ ಎಷ್ಟಾಯಿತೆಂಬುದು ಅವರಿಗೆ ಬರೀ ಸುದ್ದಿ.

ಮಾಲು ಒಂದೇ, ಒಳಗೆ ಹೋಗುವ ಬಾಗಿಲು ಆರು. ಮೂವತ್ತೆಂಟು ವರ್ಷದಲ್ಲಿ ಮುಳುಗಿದವರ ಲೆಕ್ಕವನ್ನು ನನ್ನ ಕೈಯಾರೆ ಬರೆದಿದ್ದೇನೆ, ಅದಕ್ಕೇ ಹೇಳುತ್ತೇನೆ: ಮೆಣಸಿನಕಾಯಿ ಯಾರನ್ನೂ ಮುಳುಗಿಸಲಿಲ್ಲ. ಒಂದು ಬಾಗಿಲಿಂದ ಒಳಗೆ ಹೋಗಿ, ನಡುವೆ ಪೆಟ್ಟು ಬಿದ್ದಾಗ ಇನ್ನೊಬ್ಬನ ವೇಷ ಹಾಕಿದವರು ಮುಳುಗಿದರು. ಅವರಲ್ಲಿ ನಾನೂ ಒಬ್ಬ.

ನಿನಗೆ ಈ ಕಥೆ ಯಾರೂ ಹೇಳಿರಲಿಕ್ಕಿಲ್ಲ. ಇಪ್ಪತ್ತು ವರ್ಷದ ಹಿಂದೆ ದಿನವೂ ಬೇರೆಯವರ ಲಾಭ ಬರೆದು ಬರೆದು ನನಗೂ ಆಸೆ ಹತ್ತಿತು. ಉದ್ರಿಯಲ್ಲಿ ನಲವತ್ತು ಚೀಲ ಕಾಯಿ ಹಿಡಿದೆ. ಹದಿನೈದು ದಿನದಲ್ಲಿ ದರ ಏರುತ್ತದೆ, ಮಾರಿ ಉದ್ರಿ ತೀರಿಸುತ್ತೇನೆ ಎಂಬ ಲೆಕ್ಕ. ಅಂದರೆ ನಾನು ಇಳಿದದ್ದು ಹದಿನೈದು ದಿನದ ಸಟ್ಟಾ ಆಡುವವನಾಗಿ. ದರ ಏರಲಿಲ್ಲ, ಇಳಿಯಿತು. ಅಂದೇ ಮಾರಿದ್ದರೆ ನಷ್ಟ ಎರಡು ತಿಂಗಳ ಪಗಾರದಷ್ಟು. ನಾನೇನು ಮಾಡಿದೆ? "ನಾನು ಸ್ಟಾಕ್ ಮಾಡುವವ, ಕಾಯ್ತೀನಿ" ಅಂದೆ. ಕೋಲ್ಡ್ ಸ್ಟೋರೇಜಿನ ಬಾಡಿಗೆ ಕಟ್ಟಿದೆ, ಉದ್ರಿಗೆ ಬಡ್ಡಿ ಕಟ್ಟಿದೆ. ಹತ್ತು ತಿಂಗಳ ಮೇಲೆ ಹೊಸ ಕಾಯಿ ಪೇಟೆಗೆ ಬಂದಾಗ ನನ್ನ ಹಳೆಯ ಕಾಯಿಯ ಬಣ್ಣ ಯಾರಿಗೂ ಬೇಡವಾಗಿತ್ತು. ನಿಮ್ಮ ಅಜ್ಜಿಯ ಪಾಟಲಿ ಆ ವರ್ಷ ಹೋದದ್ದು ಮತ್ತೆ ಬರಲಿಲ್ಲ. ಸ್ಟಾಕ್ ಮಾಡುವವನ ರೊಕ್ಕ ಇಲ್ಲದೆ ಅವನ ವೇಷ ಹಾಕಿದ್ದೆ.

ನಿನ್ನ ಬಿಟ್‌ಕಾಯಿನ್ ವಿಷಯ ಬೆಂಗಳೂರಿನಲ್ಲಿರುವ ಮೊಮ್ಮಗಳಿಂದ ಮೂರು ಸಂಜೆ ಫೋನಿನಲ್ಲಿ ಕೇಳಿ ತಿಳಿದೆ. ನನಗೆ ಅದು ಅರ್ಥವಾದದ್ದು ಕಿರ್ದಿಯ ಮೂಲಕವೇ. ನಮ್ಮ ಅಂಗಡಿಯಲ್ಲಿ ಕಿರ್ದಿ ಒಂದೇ ಇತ್ತು. ಮಂದಿ ಅದನ್ನು ನಂಬಿದ್ದು ಸಾಹುಕಾರರ ಮುಖ ನೋಡಿ. ಬಿಟ್‌ಕಾಯಿನ್ ಅಂದರೆ ಜಗತ್ತಿನ ತುಂಬ ಸಾವಿರಾರು ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ಬರೆಯುತ್ತಾ ಹೋಗುವ ಒಂದೇ ಕಿರ್ದಿ. ಒಬ್ಬ ತನ್ನ ಪುಸ್ತಕದಲ್ಲಿ ಸಾಲು ತಿದ್ದಿದರೆ ಉಳಿದ ಪುಸ್ತಕಗಳು ಒಪ್ಪುವುದಿಲ್ಲ. 2009ರ ಜನವರಿಯಲ್ಲಿ ಅದರ ಮೊದಲ ಪುಟ ತೆರೆಯಿತು. ತೆರೆದವನು ಸತೋಷಿ ನಕಮೊಟೊ ಎಂದು ಹೆಸರು ಹೇಳಿಕೊಂಡ. ಆ ಹೆಸರಿನ ಹಿಂದಿನ ಮುಖ ಇಂದಿಗೂ ಹೊರಬಂದಿಲ್ಲ. ಒಟ್ಟು ನಾಣ್ಯ 2 ಕೋಟಿ 10 ಲಕ್ಷ ದಾಟಬಾರದೆಂಬ ನಿಯಮ ಅದರೊಳಗೇ ಇದೆ. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಹೊಸ ನಾಣ್ಯ ಹುಟ್ಟುವ ವೇಗ ಅರ್ಧಕ್ಕೆ ಇಳಿಯುತ್ತದೆ. 2024ರ ಏಪ್ರಿಲ್‌ನಲ್ಲಿ ಹಾಗೆ ಇಳಿಯಿತು. ಸುಳ್ಳೇಕೆ ಹೇಳಲಿ, ಜೀವಮಾನವೆಲ್ಲ ಲೆಕ್ಕ ಬರೆದವನಿಗೆ ಅಳಿಸಲಾಗದ ಈ ಕಿರ್ದಿಯ ಮೇಲೆ ಗೌರವ ಬಂತು.

ಆದರೆ ಕಿರ್ದಿ ಚೊಕ್ಕಟವಾಗಿದ್ದರೆ ದರವೂ ಚೊಕ್ಕಟ ಅನ್ನುವ ಹಾಗಿಲ್ಲ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣ ಹಿಂಡಿ ತೆಗೆದ ಓಲಿಯೊರೆಸಿನ್ ಅಡುಗೆಯಿಂದ ಹಿಡಿದು ತುಟಿಗೆ ಹಚ್ಚುವ ಬಣ್ಣದವರೆಗೆ ಹೋಗುತ್ತದೆ. 2011ರಲ್ಲಿ ಅದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿತು. ದರ ಎಷ್ಟೇ ಬೀಳಲಿ, ಕಡೆಗೆ ಒಬ್ಬನಿಗೆ ಆ ಕಾಯಿ ಬೇಕೇ ಬೇಕು. ಬಿಟ್‌ಕಾಯಿನ್‌ಗೆ ಬೆಳೆ ಇಲ್ಲ, ಬಾಡಿಗೆ ಇಲ್ಲ, ಬಡ್ಡಿ ಇಲ್ಲ. ನಾಳೆ ಇನ್ನೊಬ್ಬ ಹೆಚ್ಚು ಕೊಡುತ್ತಾನೆ ಎಂಬ ನಂಬಿಕೆಯೇ ಅದರ ದರ. ಆ ನಂಬಿಕೆ ಸುಳ್ಳೆಂದು ನಾನು ಹೇಳುವುದಿಲ್ಲ. 2024ರ ಜನವರಿಯಲ್ಲಿ ಅಮೆರಿಕ ಸರ್ಕಾರದ ನಿಯಂತ್ರಕರೇ ಬಿಟ್‌ಕಾಯಿನ್ ಹಿಡಿದಿಡುವ ಫಂಡುಗಳನ್ನು ಷೇರುಪೇಟೆಯಲ್ಲಿ ಮಾರಲು ಒಪ್ಪಿದರು. ಆ ವರ್ಷದ ಡಿಸೆಂಬರಿನಲ್ಲಿ ಒಂದು ಬಿಟ್‌ಕಾಯಿನ್ ಒಂದು ಲಕ್ಷ ಡಾಲರ್ ದಾಟಿತು. ಆದರೂ ಬರೀ ನಂಬಿಕೆಯ ಮೇಲೆ ನಿಂತ ದರ ಬೀಳುವಾಗ ನೆಲ ಎಲ್ಲಿದೆ ಎಂದು ತಿಳಿಯುವುದಿಲ್ಲ.

ನೆಲವಿರುವ ಮಾಲಿನ ಪಾಡೇ ಏನಾಗುತ್ತದೆಂದು ನೀನೇ ನೋಡಿದ್ದೀ. 2024ರ ಮಾರ್ಚ್ 11, ಸೋಮವಾರ. ಹಿಂದಿನ ಹಂಗಾಮಿನ ದರದ ಆಸೆ ಇಟ್ಟುಕೊಂಡು ಕಾಯಿ ತಂದ ರೈತರು ಟೆಂಡರ್ ದರ ನೋಡಿ ಕೆರಳಿದರು. ಎಪಿಎಂಸಿ ಕಚೇರಿಗೆ ಕಲ್ಲು ಬಿತ್ತು, ವಾಹನಗಳು ಹೊತ್ತಿ ಉರಿದವು. ಬೆಂಕಿ ಹಚ್ಚಿದ್ದು ಸರಿ ಎಂದು ನಾನು ಎಂದೂ ಹೇಳುವುದಿಲ್ಲ. ಆದರೆ ಅಂದು ಸಂಜೆ ಸುಟ್ಟ ವಾಸನೆಯ ನಡುವೆ ನಿಂತಾಗ ನನಗೆ ಅನ್ನಿಸಿದ್ದು ಇಷ್ಟು: ಇವರಿಗೆ ಹೋಗಿ ಕೂಗಲು ಒಂದು ಕಚೇರಿಯಾದರೂ ಇತ್ತು. ನಿನ್ನ ಫೋನಿನ ಪೇಟೆ ರಾತ್ರಿ ಎರಡು ಗಂಟೆಗೆ ಬಿದ್ದರೆ ಯಾವ ಬಾಗಿಲು ಬಡಿಯುತ್ತೀ?

ಈಗ ನಿನ್ನ ಪೇಟೆಯ ಬಾಗಿಲುಗಳಿಗೆ ಬರೋಣ. ಮೊಮ್ಮಗಳು ಹೇಳಿದ್ದನ್ನು ನನ್ನ ಭಾಷೆಗೆ ಇಳಿಸಿ ಹೇಳುತ್ತೇನೆ.

ಒಂದು, ಸ್ಟಾಕ್ ಮಾಡುವುದು. ಕೊಂಡು ವರ್ಷಗಟ್ಟಲೆ ಮುಟ್ಟದೆ ಇಡುವುದು. ಮೆಣಸಿನಕಾಯಿಯ ಹಾಗೆ ಇದಕ್ಕೆ ಬಣ್ಣ ಹೋಗುವುದಿಲ್ಲ, ಚೀಲಕ್ಕೆ ಬಾಡಿಗೆ ಇಲ್ಲ. ಬೇಕಾದದ್ದು ಗುಂಡಿಗೆ. 2021ರ ನವೆಂಬರಿನಲ್ಲಿ ಸುಮಾರು 69,000 ಡಾಲರ್ ಇದ್ದ ಬಿಟ್‌ಕಾಯಿನ್ ಮರುವರ್ಷದ ಅದೇ ತಿಂಗಳಲ್ಲಿ 16,000ದ ಹತ್ತಿರ ಇಳಿಯಿತು. ತುದಿಯಲ್ಲಿ ಒಂದು ಲಕ್ಷ ರೂಪಾಯಿ ಹಾಕಿದವನ ಕೈಯಲ್ಲಿ ಉಳಿದದ್ದು ಇಪ್ಪತ್ತೈದು ಸಾವಿರದ ಆಸುಪಾಸು. ಹಳೆಯ ಮಟ್ಟ ಮತ್ತೆ ಕಂಡದ್ದು 2024ರ ಮಾರ್ಚ್‌ನಲ್ಲಿ, ಅಂದರೆ ಇಪ್ಪತ್ತೆಂಟು ತಿಂಗಳ ಮೇಲೆ. ಆ ಇಪ್ಪತ್ತೆಂಟು ತಿಂಗಳಲ್ಲಿ ತಂಗಿಯ ಮದುವೆ ಬಾರದೆ, ಬೋರ್‌ವೆಲ್ ಬತ್ತದೆ, ಅಪ್ಪ ಆಸ್ಪತ್ರೆ ಸೇರದೆ ಇದ್ದರೆ ಮಾತ್ರ ನೀನು ಸ್ಟಾಕ್ ಮಾಡುವವ.

ಎರಡು, ಪಿಗ್ಮಿ ಹಾಕಿದ ಹಾಗೆ ತಿಂಗಳಿಗೆ ಐನೂರೋ ಸಾವಿರವೋ ಹಾಕುತ್ತಾ ಹೋಗುವುದು. ದರ ಏರಿದ ತಿಂಗಳು ಕಡಿಮೆ ನಾಣ್ಯ, ಇಳಿದ ತಿಂಗಳು ಹೆಚ್ಚು ನಾಣ್ಯ ಬೀಳುತ್ತದೆ. ಯಾವತ್ತು ಕೊಳ್ಳಲಿ ಎಂಬ ಚಿಂತೆ ಇಲ್ಲ. ಇಳಿಯಲೇಬೇಕು ಅನ್ನುವ ಹುಡುಗರಿಗೆ ಇದು ಇದ್ದುದರಲ್ಲಿ ಸಮಾಧಾನದ ದಾರಿ. ಆದರೆ ಪಿಗ್ಮಿ ಎಂಬ ಹೆಸರಿಗೆ ಮೋಸ ಹೋಗಬೇಡ. ಬ್ಯಾಂಕಿನ ಪಿಗ್ಮಿಯಲ್ಲಿ ಹಾಕಿದ ಅಸಲು ಅಸಲಾಗಿಯೇ ಇರುತ್ತದೆ. ಬ್ಯಾಂಕು ಮುಳುಗಿದರೂ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಇಲ್ಲಿ ಎರಡೂ ಇಲ್ಲ.

ಮೂರು, ದಿನದ ವ್ಯಾಪಾರ. ಬೆಳಿಗ್ಗೆ ಕೊಂಡು ಸಂಜೆ ಮಾರುವುದು. ನಮ್ಮ ಪೇಟೆಗೆ ಟೆಂಡರಿನ ದಿನ ಉಂಟು, ರಜೆ ಉಂಟು. ನಿನ್ನ ಪೇಟೆಗೆ ಹಬ್ಬವಿಲ್ಲ, ರಾತ್ರಿಯಿಲ್ಲ. ಬಾಸೆಲ್‌ನಲ್ಲಿರುವ ಬ್ಯಾಂಕ್ ಫಾರ್ ಇಂಟರ್‌ನ್ಯಾಷನಲ್ ಸೆಟಲ್‌ಮೆಂಟ್ಸ್‌ನವರು 2022ರಲ್ಲಿ ಹಲವು ದೇಶಗಳ ಲೆಕ್ಕ ತೆಗೆದು ನೋಡಿದರು: ಆ್ಯಪ್‌ಗಳ ಮೂಲಕ ಬಿಟ್‌ಕಾಯಿನ್‌ಗೆ ಇಳಿದ ಸಾಮಾನ್ಯರಲ್ಲಿ ನಾಲ್ವರಿಗೆ ಮೂವರು ನಷ್ಟದಲ್ಲಿದ್ದರು. ದರ ಏರುವಾಗ ಸಣ್ಣವರು ಕೊಳ್ಳುತ್ತಿದ್ದರೆ ದೊಡ್ಡವರು ಅದೇ ಹೊತ್ತಿಗೆ ಮಾರುತ್ತಿದ್ದರಂತೆ. ಇದು ಕೇಳಿ ನನಗೆ ಆಶ್ಚರ್ಯವಾಗಲಿಲ್ಲ. ತೇಜಿ ಬಂದಾಗ ಹಳ್ಳಿಯಿಂದ ಹೊಸಬರು ಕಾಯಿ ಹಿಡಿಯಲು ಓಡಿಬರುವ ದಿನವೇ ನಮ್ಮ ಪೇಟೆಯ ಹಳೆಯ ಹುಲಿಗಳು ಗೋದಾಮಿನ ಬೀಗ ತೆಗೆಯುತ್ತಿದ್ದರು.

ನಾಲ್ಕು, ವಾಯಿದೆ. ನಿಮ್ಮ ಮಾತಿನಲ್ಲಿ ಫ್ಯೂಚರ್ಸ್. ಹತ್ತು ಸಾವಿರ ಕೊಟ್ಟು ಒಂದು ಲಕ್ಷದ ಸೌದಾ ಹಿಡಿಯುವುದು. ಹತ್ತು ಪಟ್ಟು ಲಾಭ ಎಂದು ಯೂಟ್ಯೂಬಿನ ವೀಡಿಯೊದವನು ಹೇಳುತ್ತಾನೆ. ದರ ನೂರಕ್ಕೆ ಹತ್ತು ಎದುರಾಗಿ ಹೊರಳಿದರೆ ನಿನ್ನ ಹತ್ತು ಸಾವಿರ ಪೂರ್ತಿ ಹೋಯಿತು, ಆಮೇಲೆ ದರ ಚೇತರಿಸಿಕೊಂಡರೂ ನಿನಗೆ ಬರುವುದಿಲ್ಲ, ಸೌದಾವೇ ಮುರಿದಿರುತ್ತದೆ ಎಂಬುದನ್ನು ಹೇಳುವುದಿಲ್ಲ. 2025ರ ಅಕ್ಟೋಬರ್ 10ರಂದು ಅಮೆರಿಕದ ಅಧ್ಯಕ್ಷರು ಚೀನಾದ ಮೇಲೆ ಹೊಸ ಸುಂಕ ಹೇರುವ ಮಾತು ಆಡಿದರು. ಒಂದೇ ದಿನದಲ್ಲಿ ಜಗತ್ತಿನಾದ್ಯಂತ 1,900 ಕೋಟಿ ಡಾಲರಿಗೂ ಹೆಚ್ಚಿನ ಸೌದಾಗಳು ಹೀಗೆ ಮುರಿದುಬಿದ್ದವು. ನಮ್ಮ ದೇಶದ ಷೇರುಪೇಟೆಯ ವಾಯಿದೆ ಲೆಕ್ಕವನ್ನು 2024ರಲ್ಲಿ ಸೆಬಿ ಹೊರಗಿಟ್ಟಿತು: ಮೂರು ವರ್ಷದಲ್ಲಿ ಬಿಡಿ ವ್ಯಕ್ತಿಗಳಾಗಿ ಆಡಿದವರಲ್ಲಿ ನೂರಕ್ಕೆ 93 ಮಂದಿಗೆ ನಷ್ಟ, ಒಟ್ಟು 1.8 ಲಕ್ಷ ಕೋಟಿ ರೂಪಾಯಿ ದಾಟಿತು. ಅದು ಸರ್ಕಾರದ ಕಾವಲಿರುವ ಪೇಟೆ. ಕಾವಲಿಲ್ಲದ ಪೇಟೆಯಲ್ಲಿ ವಾಯಿದೆ ಆಡುವುದಕ್ಕೂ ಓಸಿ ಬರೆಸುವುದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಈ ಒಂದು ಬಾಗಿಲಿನ ವಿಷಯದಲ್ಲಿ ಮಾತ್ರ ನನ್ನದು ನೇರ ಮಾತು: ಹೋಗಬೇಡ.

ಐದು, ಬಡ್ಡಿಗೆ ಬಿಡುವುದು. ನಾಣ್ಯ ನಮ್ಮ ಹತ್ತಿರ ಇಡು, ವರ್ಷಕ್ಕೆ ಇಷ್ಟು ಕೊಡುತ್ತೇವೆ ಅನ್ನುವವರು. ಟೆರಾ ಎಂಬ ಜಾಲದವರು ಡಾಲರಿಗೆ ಸಮ ಎಂದು ಹೇಳಿಕೊಂಡ ನಾಣ್ಯಕ್ಕೆ ನೂರಕ್ಕೆ ಇಪ್ಪತ್ತರ ಹತ್ತಿರ ಬಡ್ಡಿ ತೋರಿಸಿದರು. 2022ರ ಮೇ ತಿಂಗಳಲ್ಲಿ ಒಂದು ವಾರದೊಳಗೆ ಅದರ ಜೊತೆಯ ಲೂನಾ ನಾಣ್ಯ ಎಂಬತ್ತು ಡಾಲರಿನಿಂದ ಕಾಸಿಗೂ ಕಡೆಯಾಯಿತು. ಬಡ್ಡಿ ಎಲ್ಲಿಂದ ಹುಟ್ಟುತ್ತದೆ ಎಂದು ಕೇಳಿ ನೋಡು. ನಮ್ಮ ಸಾಹುಕಾರ ಬಡ್ಡಿ ಕೇಳಿದರೆ ಅದು ಯಾರ ಹೊಲದಿಂದ ಬರುತ್ತದೆಂದು ನನಗೆ ಗೊತ್ತಿತ್ತು.

ಆರು, ಹೊಸ ನಾಣ್ಯ ಹಿಡಿಯುವುದು. ನಾಯಿಯ ಚಿತ್ರ, ಕಪ್ಪೆಯ ಚಿತ್ರ, ನಾಳೆ ನೂರು ಪಟ್ಟು. ನೀನು ರಾಣೆಬೆನ್ನೂರಿನ ಹುಡುಗ. ಬೀಜದ ಪ್ಲಾಟು ನೋಡಿ ಬೆಳೆದವನು. ಅಲ್ಲಿಯ ಬೀಜದ ಪಾಕೀಟಿನ ಮೇಲೆ ಲಾಟ್ ನಂಬರ್ ಇರುತ್ತದೆ, ಮೊಳಕೆ ನೂರಕ್ಕೆ ಎಷ್ಟು ಎಂದು ಬರೆದಿರುತ್ತದೆ. ಮೊಳೆಯದಿದ್ದರೆ ಅಂಗಡಿಯವನ ಕೊರಳುಪಟ್ಟಿ ಹಿಡಿಯಬಹುದು. ಹೊಸ ನಾಣ್ಯದ ಪಾಕೀಟನ್ನು ಯಾರು ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಅಚ್ಚು ಹಾಕಬಹುದು. ಲಾಟೂ ಇಲ್ಲ, ಮೊಳಕೆಯೂ ಇಲ್ಲ, ಅಂಗಡಿಯೂ ಇಲ್ಲ.

ಏಳನೆಯ ಬಾಗಿಲು ನಿಮಗೆ ಕಾಣುವುದೇ ಇಲ್ಲ, ಅದು ಕೂಲಿಯ ಬಾಗಿಲು. ಈ ಕಿರ್ದಿಯನ್ನು ಬರೆಯುವ, ಕಾಯುವ, ಪರೀಕ್ಷಿಸುವ ಕೆಲಸ ಉಂಟು. ಸಾಫ್ಟ್‌ವೇರ್ ಕಲಿತವರಿಗೆ, ಲೆಕ್ಕ ಪರಿಶೋಧನೆ ಕಲಿತವರಿಗೆ, ಸೈಬರ್ ಕಾನೂನು ಓದಿದವರಿಗೆ ಅದರಲ್ಲಿ ಪಗಾರ ಉಂಟು. ತೊಟ್ಟು ಬಿಡಿಸುವ ಹೆಣ್ಣುಮಗಳಿಗೆ ಮಂದಿಯ ದಿನವೂ ಕೂಲಿ ಸಿಗುತ್ತದೆ ಎಂದೆನಲ್ಲ, ಹಾಗೆ. ನಿನ್ನ ಬಿಸಿಎ ಓದು ಈ ಬಾಗಿಲಿಗೆ ಹತ್ತಿರ. ಒಂದು ಲಕ್ಷದ ನಾಣ್ಯಕ್ಕಿಂತ ಒಂದು ವರ್ಷದ ಕಲಿಕೆ ಹೆಚ್ಚು ಬಾಳಬಹುದು.

ಬಾಗಿಲು ಯಾವುದೇ ಇರಲಿ, ಒಳಗೆ ಕಾಲಿಡುವ ಮುನ್ನ ಕೈಯಲ್ಲಿರುವ ರೊಕ್ಕದ ಮೈ ಮುಟ್ಟಿ ನೋಡು, ಅದು ಯಾರದು ಎಂದು. ಸೊಸೈಟಿಯಲ್ಲಿ ನಮ್ಮ ರೈತರಿಗೆ 5 ಲಕ್ಷದವರೆಗೆ ಶೂನ್ಯ ಬಡ್ಡಿಯ ಬೆಳೆಸಾಲ ಸಿಗುತ್ತದೆ. "ಬಡ್ಡಿ ಇಲ್ಲದ ರೊಕ್ಕ ಅಜ್ಜಾ, ಆರು ತಿಂಗಳು ಆಡಿಸಿ ತುಂಬಿದ್ರಾತು" ಎಂದು ನಿನ್ನ ಗೆಳೆಯನೊಬ್ಬ ನನ್ನ ಮುಂದೆಯೇ ಅಂದ. ಶೂನ್ಯ ಬಡ್ಡಿ ಇರುವುದು ಹೊತ್ತಿಗೆ ಸರಿಯಾಗಿ ಕಟ್ಟಿದವನಿಗೆ. ವಾಯಿದೆ ತಪ್ಪಿದರೆ ಬಡ್ಡಿಯೂ ಬರುತ್ತದೆ, ಮರುವರ್ಷ ಬೀಜ ಗೊಬ್ಬರಕ್ಕೆ ಸಾಲವೂ ನಿಲ್ಲುತ್ತದೆ. ಅವ್ವನ ಹೆಸರಿನ ಸಂಘದ ಸಾಲವಂತೂ ಮುಟ್ಟಲೇಬಾರದ್ದು. 2025ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ಮೈಕ್ರೋ ಫೈನಾನ್ಸ್‌ನವರ ಕಾಟ ತಾಳದೆ ಮಾಂಗಲ್ಯ ಉಳಿಸಿಕೊಡಿ ಎಂದು ಮುಖ್ಯಮಂತ್ರಿಗೆ ತಾಳಿಯನ್ನೇ ಅಂಚೆಯಲ್ಲಿ ಕಳಿಸಿದ್ದು ನಿನಗೆ ನೆನಪಿರಬೇಕು. ಮರುತಿಂಗಳು ಸರ್ಕಾರ ಸುಗ್ರೀವಾಜ್ಞೆ ತಂದಿತು. ಆ ತಾಳಿಗಳ ಹಿಂದೆ ಎಷ್ಟು ಮನೆಯಲ್ಲಿ ಗಂಡಸರ, ಗಂಡುಮಕ್ಕಳ ಜೂಜಿತ್ತೋ ಶಿವನೇ ಬಲ್ಲ.

ಇನ್ನು ತೆರಿಗೆ. ಒಕ್ಕಲುತನದ ಆದಾಯಕ್ಕೆ ತೆರಿಗೆ ಇಲ್ಲದ ಮನೆಯಲ್ಲಿ ಹುಟ್ಟಿದವನಿಗೆ ಇದು ಹೊಸದು, ಅದಕ್ಕೇ ಬಿಡಿಸಿ ಹೇಳುತ್ತೇನೆ. 2022ರ ಏಪ್ರಿಲ್‌ನಿಂದ ಈ ನಾಣ್ಯಗಳ ಲಾಭಕ್ಕೆ ನೂರಕ್ಕೆ 30 ತೆರಿಗೆ, ಅದರ ಮೇಲೆ ನೂರಕ್ಕೆ 4 ಸೆಸ್. ಆ ಜುಲೈನಿಂದ ಮಾರಿದಾಗಲೆಲ್ಲ ನೂರಕ್ಕೆ 1 ಟಿಡಿಎಸ್ ಮುರಿದುಕೊಳ್ಳುತ್ತಾರೆ. ಒಂದು ನಾಣ್ಯವನ್ನು 50 ಸಾವಿರಕ್ಕೆ ಕೊಂಡು 80 ಸಾವಿರಕ್ಕೆ ಮಾರಿದೆ ಅನ್ನು: ಲಾಭ 30,000, ತೆರಿಗೆ ಸೆಸ್ ಸೇರಿ 9,360. ಅದೇ ವರ್ಷ ಇನ್ನೊಂದು ನಾಣ್ಯದಲ್ಲಿ 30,000 ಕಳೆದುಕೊಂಡೆ ಅನ್ನು. ನಿನ್ನ ಲೆಕ್ಕಕ್ಕೆ ಬಂದದ್ದೂ ಹೋದದ್ದೂ ಸಮ. ಸರ್ಕಾರದ ಲೆಕ್ಕದಲ್ಲಿ ನಷ್ಟವನ್ನು ಲಾಭಕ್ಕೆ ವಜಾ ಹಾಕುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ, 9,360 ಕಟ್ಟಲೇಬೇಕು. ದಿನದ ವ್ಯಾಪಾರಿಗೆ ಟಿಡಿಎಸ್ ಇನ್ನೊಂದು ಗಾಯ: 50 ಸಾವಿರವನ್ನು ಇಪ್ಪತ್ತು ಸಲ ತಿರುಗಿಸಿ ಮಾರಿದರೆ 10,000 ರೂಪಾಯಿ ಆಡುವ ಬಂಡವಾಳದಿಂದ ಹೊರಬಿದ್ದು ರಿಟರ್ನ್ ತುಂಬುವವರೆಗೆ ಸಿಕ್ಕಿಕೊಂಡಿರುತ್ತದೆ. ಈ ಕಾಯ್ದೆಯೇ ಒಂದು ಬಗೆಯಲ್ಲಿ ಹೇಳುತ್ತಿದೆ: ತಿರುತಿರುಗಿ ಮಾರಬೇಡ.

ತೆರಿಗೆ ಹಾಕಿದ್ದಾರೆಂದರೆ ಸರ್ಕಾರ ಬೆನ್ನಿಗಿದೆ ಎಂದು ತಿಳಿಯಬೇಡ. 2018ರಲ್ಲಿ ರಿಸರ್ವ್ ಬ್ಯಾಂಕು ಈ ವ್ಯವಹಾರದಿಂದ ಬ್ಯಾಂಕುಗಳನ್ನು ದೂರ ಇಟ್ಟಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಆ ಆದೇಶ ತೆಗೆದುಹಾಕಿತು. 2023ರ ಮಾರ್ಚ್‌ನಿಂದ ನಾಣ್ಯ ಕೊಂಡು ಮಾರಿಸುವ ಎಕ್ಸ್‌ಚೇಂಜುಗಳು ಹಣಕಾಸು ಗುಪ್ತಚರ ಘಟಕ ಎಫ್‌ಐಯುನಲ್ಲಿ ನೋಂದಾಯಿಸಿಕೊಂಡು ಗ್ರಾಹಕರ ಗುರುತು ಇಟ್ಟಿರಬೇಕು. ಇದು ಕಳ್ಳ ಹಣ ತಡೆಯುವ ಕಾವಲು. ನಿನ್ನ ನಷ್ಟ ತುಂಬಿಕೊಡುವ ಕಾವಲಲ್ಲ.

ನಾಣ್ಯ ಎಲ್ಲಿಡಬೇಕೆಂಬುದಕ್ಕೂ ಎರಡು ದಾರಿ, ಎರಡಕ್ಕೂ ಅದರದೇ ಅಪಾಯ. ಎಕ್ಸ್‌ಚೇಂಜಿನಲ್ಲೇ ಬಿಟ್ಟರೆ ದಲಾಲನ ಗೋದಾಮಿನಲ್ಲಿ ಬಿಟ್ಟ ಹಾಗೆ. ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜಿನಲ್ಲಿ 2024ರ ಜುಲೈ 18ರಂದು ಸುಮಾರು 23 ಕೋಟಿ ಡಾಲರ್ ಬೆಲೆಯ ನಾಣ್ಯಗಳು ಕಳುವಾದವು. ಕಳ್ಳರು ಒಯ್ದದ್ದು ಒಂದು ಪಾಲು, ಆದರೆ ಅಲ್ಲಿ ನಾಣ್ಯ ಇಟ್ಟ ಎಲ್ಲರೂ ಸಿಕ್ಕಿಬಿದ್ದರು. ವಿಷಯ ಸಿಂಗಪುರದ ನ್ಯಾಯಾಲಯಕ್ಕೆ ಹೋಗಿ, ವ್ಯವಹಾರ ಮತ್ತೆ ತೆರೆದದ್ದು 2025ರ ಅಕ್ಟೋಬರ್‌ನಲ್ಲಿ. ಸ್ವಂತ ವ್ಯಾಲೆಟ್‌ನಲ್ಲಿ ಇಟ್ಟರೆ ಹನ್ನೆರಡೋ ಇಪ್ಪತ್ನಾಲ್ಕೋ ಪದಗಳೇ ಬೀಗದ ಕೈ. ಆ ಪದ ಬೇರೆಯವನಿಗೆ ತಿಳಿದರೆ ಮಾಲು ಅವನದು. ಚೀಟಿ ಕಳೆದರೆ ಯಾರದೂ ಅಲ್ಲ. ಫೋನಿನಲ್ಲಿ ಫೋಟೊ ತೆಗೆದು ಇಡಬೇಡ. ಕಾಗದದಲ್ಲಿ ಬರೆದು ಟ್ರಂಕಿನಲ್ಲಿಟ್ಟು, ಇಂಥದ್ದೊಂದು ಇದೆ ಎಂದು ಮನೆಯಲ್ಲಿ ಒಬ್ಬರಿಗಾದರೂ ಹೇಳು. ಹೇಳಲು ನಾಚಿಕೆಯಾಗುವ ಮೊತ್ತವಾದರೆ ಅದು ಹಾಕಬಾರದ ಮೊತ್ತ.

ಇನ್ನೊಂದು ಕೇಡು ನಮ್ಮ ಕಡೆಯ ಹುಡುಗರನ್ನೇ ಹುಡುಕಿಕೊಂಡು ಬರುತ್ತಿದೆ. ಟೆಲಿಗ್ರಾಂನಲ್ಲಿ ಯಾರೋ ಡಾಲರಿಗೆ ಸಮನಾದ ನಾಣ್ಯ ಕೊಡು, ಪೇಟೆಗಿಂತ ಎರಡು ರೂಪಾಯಿ ಹೆಚ್ಚು ಕೊಡುತ್ತೇನೆ ಅನ್ನುತ್ತಾನೆ. ಅಥವಾ ನಿನ್ನ ಬ್ಯಾಂಕ್ ಖಾತೆ ಒಂದು ತಿಂಗಳು ಬಾಡಿಗೆಗೆ ಕೊಡು ಅನ್ನುತ್ತಾನೆ. ನಿನ್ನ ಖಾತೆಗೆ ಬಂದು ಬೀಳುವ ಆ ರೊಕ್ಕ ಎಲ್ಲಿಯೋ ಮೋಸ ಹೋದ ಒಬ್ಬ ಮುದುಕಿಯದು. ಅವಳು ದೂರು ಕೊಟ್ಟ ಮೇಲೆ ಪೊಲೀಸರು ರೊಕ್ಕದ ಜಾಡು ಹಿಡಿದು ಬಂದು ನಿಲ್ಲುವುದು ನಿನ್ನ ಖಾತೆಯ ಮುಂದೆ. ಖಾತೆ ಜಪ್ತಿಯಾದರೆ ಕಿಸಾನ್ ಸಮ್ಮಾನ್ ಕಂತಿನ ಎರಡು ಸಾವಿರವೂ ಅದರೊಳಗೇ ಉಳಿಯುತ್ತದೆ. ಬಾಡಿಗೆ ಕೊಟ್ಟಿದ್ದರೆ ನೀನೂ ಆರೋಪಿ. ನೀನೇ ಮೋಸ ಹೋದರೆ ನಾಚಿಕೊಂಡು ಕೂರಬೇಡ. ಆ ಕ್ಷಣ 1930ಕ್ಕೆ ಫೋನು ಮಾಡು, ಹಾವೇರಿಯ ಸಿಇಎನ್ (ಸೈಬರ್ ಅಪರಾಧ) ಠಾಣೆಗೆ ಹೋಗು. ಮೊದಲ ಒಂದೆರಡು ಗಂಟೆಯಲ್ಲಿ ಹೇಳಿದರೆ ರೊಕ್ಕ ದಾರಿಯಲ್ಲೇ ತಡೆಯುವ ಆಸೆ ಇರುತ್ತದೆ.

ಭವಿಷ್ಯ ಹೇಳುವವರ ಬಗ್ಗೆ ಒಂದು ಮಾತು. ದೇವರಗುಡ್ಡದ ಕಾರಣಿಕಕ್ಕೆ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದೆ, ನೆನಪಿದೆಯೇ? ಉಪವಾಸವಿದ್ದ ಗೊರವಯ್ಯ ಬಿಲ್ಲು ಏರಿ "ಸದ್ದಲೇ" ಅಂದಾಗ ಸಾವಿರಾರು ಮಂದಿಯ ಉಸಿರು ನಿಲ್ಲುತ್ತದೆ. ಅವನು ನುಡಿಯುವುದು ಒಂದು ಮಾತು. ಅದನ್ನು ಹತ್ತಿ ಬೆಳೆದವ ಹತ್ತಿಗೆ ಹಚ್ಚಿಕೊಳ್ಳುತ್ತಾನೆ, ಮೆಣಸಿನಕಾಯಿಯವ ಮೆಣಸಿನಕಾಯಿಗೆ, ರಾಜಕಾರಣಿ ಕುರ್ಚಿಗೆ. ನನಗೂ ಅದರಲ್ಲಿ ಭಕ್ತಿ ಇದೆ. ಆದರೆ ನೋಡು, ಆ ಗೊರವಯ್ಯ ನುಡಿದು ಕೆಳಗೆ ಬೀಳುತ್ತಾನೆಯೇ ಹೊರತು, "ಈ ಲಿಂಕ್ ಒತ್ತಿ ಖಾತೆ ತೆರೆಯಿರಿ" ಅನ್ನುವುದಿಲ್ಲ. ಯೂಟ್ಯೂಬಿನ ಕಾರಣಿಕದವನಿಗೆ ನೀನು ಖಾತೆ ತೆರೆದರೂ ಕಮಿಷನ್, ಕೊಂಡರೂ ಕಮಿಷನ್. ಅವನು ದಲಾಲ. ದಲಾಲನಾಗಿರುವುದು ತಪ್ಪಲ್ಲ, ನಾನೂ ಅವರ ಅನ್ನ ಉಂಡವನು. ದಲಾಲನನ್ನು ಗೊರವಯ್ಯ ಎಂದು ತಿಳಿಯುವುದು ತಪ್ಪು.

ಇಷ್ಟೆಲ್ಲ ಯೋಚಿಸಿ ನಿನ್ನೆ ಸಂಜೆ ನಿನ್ನನ್ನು ಮತ್ತೆ ಕರೆಸಿದೆ. ಅಟ್ಟದಿಂದ ಒಂದು ಹಳೆಯ ಕಿರ್ದಿ ಇಳಿಸಿದೆ. ಕೆಂಪು ಬಟ್ಟೆಯ ರಟ್ಟು, ಒಳಗೆ ಬರೆಯದೆ ಉಳಿದ ಪುಟಗಳು. ಅಂಗಡಿ ಬಿಟ್ಟ ವರ್ಷ ಪಾಡ್ಯದ ಪೂಜೆಗೆ ತಂದದ್ದು, ಹಾಗೇ ಉಳಿದಿತ್ತು. ಮೊದಲ ಪುಟದಲ್ಲಿ ನಾಲ್ಕು ಸಾಲು ಬರಿ ಅಂದೆ: ಏನಾಗಿ ಇಳಿಯುತ್ತೀ, ಎಷ್ಟು ರೊಕ್ಕ, ಯಾರ ರೊಕ್ಕ, ಯಾವಾಗ ಹೊರಗೆ ಬರುತ್ತೀ. ಇಂಕಿನಲ್ಲಿ ಬರಿ ಅಂದೆ, ನಾಳೆ ದರ ಬಿದ್ದಾಗ ವೇಷ ಬದಲಿಸಲು ಬಾರದ ಹಾಗೆ.

ನೀನು ಬಹಳ ಹೊತ್ತು ಪೆನ್ನು ಹಿಡಿದು ಕೂತೆ. ಮೊದಲ ಸಾಲಿಗೆ "ತಿಂಗಳ ಪಿಗ್ಮಿ" ಎಂದು ಬರೆದೆ. ಎರಡನೆಯದಕ್ಕೆ "ತಿಂಗಳಿಗೆ ಐನೂರು". ಒಂದು ಲಕ್ಷ ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ. ಮೂರನೆಯದಕ್ಕೆ "ನನ್ನ ಟ್ಯೂಷನ್ ರೊಕ್ಕ". ನಾಲ್ಕನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. "ಇದು ಗೊತ್ತಾಗವಲ್ದು ಅಜ್ಜಾ" ಅಂದೆ.

ಗೊತ್ತಾಗದಿದ್ದರೆ ಅವಸರವೇನಿಲ್ಲ ತಮ್ಮಾ. ಕಿರ್ದಿ ನಿನ್ನ ಹತ್ತಿರವೇ ಇರಲಿ. ಆ ಸಾಲು ತುಂಬುವವರೆಗೆ ಫೋನು ಕಿಸೆಯಲ್ಲೇ ಇರಲಿ. ನನ್ನ ನಲವತ್ತು ಚೀಲದ ಪುಟದಲ್ಲಿ ಖಾಲಿ ಇದ್ದದ್ದೂ ಅದೊಂದೇ ಸಾಲು.